ಬುದ್ಧಿಹಲ್ಲು: ಕುರ್ಚಿಯಲ್ಲಿ ಅರ್ಧ ಗಂಟೆ, ಮನೆಯಲ್ಲಿ ಒಂದು ವಾರ

17ರಿಂದ 25ರ ವಯಸ್ಸಿನಲ್ಲಿ ಬಾಯಿಯ ತೀರ ಹಿಂದೆ ಮೂಡುವ ಕೊನೆಯ ದವಡೆ ಹಲ್ಲನ್ನು ಬುದ್ಧಿಹಲ್ಲು ಎನ್ನುತ್ತೇವೆ. ಬೀದರ್, ಕಲಬುರಗಿ, ಹೈದರಾಬಾದ್ ಕಡೆ ಅಕಲ್ ದಾಢ್ ಎಂದರೂ ಎಲ್ಲರಿಗೂ ತಿಳಿಯುತ್ತದೆ. ಅದನ್ನು ತೆಗೆಸಬೇಕು ಎಂದು ವೈದ್ಯರು ಹೇಳಿದ ಗಳಿಗೆಯಿಂದ ರೋಗಿಯ ಮನಸ್ಸು ಆ ಕುರ್ಚಿ, ಆ ಸೂಜಿ, ಆ ಇಕ್ಕಳದ ಸುತ್ತಲೇ ತಿರುಗುತ್ತಿರುತ್ತದೆ. ಮನೆಯವರು, ನೆಂಟರು ಕೇಳುವುದೂ ಅದನ್ನೇ: ಕೀಳುವಾಗ ತುಂಬ ನೋಯುತ್ತದಂತೆ, ಹೌದಾ? ಮೂರನೆಯ ದಿನ ಹೇಗಿರುತ್ತದೆ ಎಂದು ಕೇಳುವವರು ಅಪರೂಪ. ನಾನು ಹೇಳಹೊರಟಿರುವುದು ಈ ಮೂರನೆಯ ದಿನದ ಪರವಾಗಿ. ಕುರ್ಚಿಯ ಮೇಲಿನ ಅರ್ಧ ಗಂಟೆಯ ನೋವನ್ನು ವೈದ್ಯಶಾಸ್ತ್ರ ಬಹುಮಟ್ಟಿಗೆ ಗೆದ್ದಾಗಿದೆ. ಆಮೇಲಿನ ಒಂದು ವಾರ ಮಾತ್ರ ಇಂದಿಗೂ ರೋಗಿಯ ಕೈಯಲ್ಲಿಯೇ ಉಳಿದಿದೆ. ನಾವೋ ಗೆದ್ದ ನೋವಿಗೆ ಹೆದರುತ್ತೇವೆ, ಉಳಿದ ವಾರವನ್ನು ಅಲಕ್ಷ್ಯ ಮಾಡುತ್ತೇವೆ. ಗಡಿಯ ಈಚಿನ ಜಿಲ್ಲೆಗಳಿಂದ ಬಸ್ಸು ಹತ್ತಿ ಹೈದರಾಬಾದಿನ ಸುಲ್ತಾನ್ ಬಜಾರ್, ಅಫ್ಜಲ್‌ಗಂಜ್ ಸುತ್ತಲಿನ ಆಸ್ಪತ್ರೆಗಳಿಗೆ ಹೋಗಿ ಅದೇ ರಾತ್ರಿ ಊರಿಗೆ ಮರಳುವ ನಮ್ಮ ಜನಕ್ಕೆ ಈ ಅಲಕ್ಷ್ಯ ಹೆಚ್ಚು ದುಬಾರಿಯಾಗುತ್ತದೆ.

ಹಳೆಯ ಭಯಕ್ಕೆ ಕಾರಣವೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆ ಕಾರಣವನ್ನು ಅರಿಯಲು ಸುಲ್ತಾನ್ ಬಜಾರಿಗಿಂತ ಒಳ್ಳೆಯ ಜಾಗ ಸಿಗಲಾರದು. ಇಂದು ಬಟ್ಟೆಯಂಗಡಿ, ಬಳೆಯಂಗಡಿ, ಬಡೀ ಚೌಡಿಯ ತರಕಾರಿ ಮಾರಾಟದ ಗದ್ದಲದಲ್ಲಿ ಕಾಲಿಡಲು ಜಾಗವಿಲ್ಲದ ಈ ಪೇಟೆ 1933ರಲ್ಲಿ ನಿಜಾಮರ ಆಡಳಿತಕ್ಕೆ ಮರಳುವ ತನಕ ರೆಸಿಡೆನ್ಸಿ ಬಜಾರ್ ಆಗಿತ್ತು. ಬ್ರಿಟಿಷ್ ರೆಸಿಡೆಂಟರ ಕೋಠಿಯನ್ನು ಒರಗಿಕೊಂಡು ಬೆಳೆದ ಊರು ಅದು. ಆ ರೆಸಿಡೆನ್ಸಿಯ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ ಹೈದರಾಬಾದ್ ವೈದ್ಯಕೀಯ ಶಾಲೆಗೂ ಮುಖ್ಯಸ್ಥರು. ಪ್ರಜ್ಞೆ ತಪ್ಪಿಸಲೆಂದು ಕ್ಲೋರೋಫಾರ್ಮ್ ಕೊಟ್ಟಾಗ ರೋಗಿ ಸಾಯುವುದು ಹೃದಯ ನಿಂತೋ, ಉಸಿರು ನಿಂತೋ ಎಂಬ ಜಗಳ ಅಂದು ಲಂಡನ್ನಿನ ಪತ್ರಿಕೆಗಳನ್ನು ತುಂಬಿತ್ತು. ಉಸಿರು ಮೊದಲು ನಿಲ್ಲುತ್ತದೆ, ಆದ್ದರಿಂದ ವೈದ್ಯನ ಕಣ್ಣು ಉಸಿರಿನ ಮೇಲಿರಲಿ ಎಂಬುದು ಲಾರಿಯವರ ಪಟ್ಟು. ಅದನ್ನು ತೀರ್ಮಾನಿಸಲು 1888ರಲ್ಲೊಮ್ಮೆ, 1889ರಲ್ಲಿ ಮತ್ತೊಮ್ಮೆ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ಪ್ರಾಣಿಗಳ ಮೇಲೆ ಸಾಲುಸಾಲಾಗಿ ಪ್ರಯೋಗ ನಡೆಸಿದವು. ಎರಡನೆಯದಕ್ಕೆ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು 1000 ಪೌಂಡ್ ಕೊಟ್ಟರು. ಲ್ಯಾನ್ಸೆಟ್ ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದರು. 1889ರಲ್ಲಿಯೇ ಲಾರಿಯವರ ವೈದ್ಯಕೀಯ ಶಾಲೆಯಿಂದ ಕಲಿತು ಹೊರಬಂದ ರೂಪಾಬಾಯಿ ಫರ್ದೂನ್‌ಜಿ ಮುಂದೆ ಇದೇ ರೆಸಿಡೆನ್ಸಿ ಆಸ್ಪತ್ರೆಯಲ್ಲಿ, ಅಂದರೆ ಇಂದಿನ ಸುಲ್ತಾನ್ ಬಜಾರ್ ಆಸ್ಪತ್ರೆಯಲ್ಲಿಯೂ ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿಯೂ ರೋಗಿಗಳಿಗೆ ಕ್ಲೋರೋಫಾರ್ಮ್ ಕೊಡುವ ಹೊಣೆ ಹೊತ್ತರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಅವರನ್ನು ಇಂದು ನೆನೆಯುತ್ತಾರೆ. ಅರಿವಳಿಕೆಗೆಂದೇ ಪ್ರತ್ಯೇಕ ಪದವಿ ಇಲ್ಲದ ಆ ಕಾಲದಲ್ಲಿ ಔಷಧದ ಗುಣ ಅರಿಯಲೆಂದು ಅವರು 1909ರಲ್ಲಿ ಎಡಿನ್‌ಬರೋಗೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದರು.

ಲಾರಿಯವರ ಪಟ್ಟು ಅರ್ಧ ಸತ್ಯವೆಂದು ಕಾಲ ತೋರಿಸಿತು. 1911ರಲ್ಲಿ ಇಂಗ್ಲೆಂಡಿನ ಲೆವಿ ಎಂಬ ಸಂಶೋಧಕರು ಬೆಕ್ಕುಗಳ ಮೇಲಿನ ಪ್ರಯೋಗದಿಂದ ಕಂಡುಕೊಂಡದ್ದು ಇದು: ಕ್ಲೋರೋಫಾರ್ಮ್ ಅರೆಬರೆ ಏರಿದಾಗ ದೇಹದಲ್ಲಿ ಅಡ್ರಿನಲಿನ್ ಉಕ್ಕಿದರೆ ಹೃದಯದ ಬಡಿತ ತಾಳ ತಪ್ಪಿ ನಿಂತೇ ಹೋಗಬಹುದು. ಅಡ್ರಿನಲಿನ್ ಉಕ್ಕುವುದು ಹೆದರಿದಾಗ. ಹಲ್ಲು ಕೀಳಿಸಲು ನಡುಗುತ್ತ ಕೂತವರಿಗೆ ಬೇಗ ಮುಗಿಯುವ ಕೆಲಸವೆಂದು ಸ್ವಲ್ಪವೇ ಕ್ಲೋರೋಫಾರ್ಮ್ ಕೊಟ್ಟು ಇಕ್ಕಳ ಹಾಕುತ್ತಿದ್ದ ಕಾಲದಲ್ಲಿ, ಗಟ್ಟಿಮುಟ್ಟಾದ ಹರೆಯದವರು ಕುರ್ಚಿಯಲ್ಲೇ ಪ್ರಾಣ ಬಿಟ್ಟದ್ದಕ್ಕೆ ಹೀಗೊಂದು ವಿವರಣೆ ಸಿಕ್ಕಿತು. ಅಂದು ಭಯವೇ ಕೊಲ್ಲಬಲ್ಲದಾಗಿತ್ತು. ಆದರೆ ಅಷ್ಟರಲ್ಲಿ ದಂತವೈದ್ಯ ಬೇರೆ ದಾರಿ ಹಿಡಿದಿದ್ದ. 1884ರಲ್ಲಿ ಕಾರ್ಲ್ ಕೊಲ್ಲರ್ ಕೊಕೇನ್ ದ್ರಾವಣ ಹಾಕಿ ಕಣ್ಣನ್ನು ಮರಗಟ್ಟಿಸಿದ ಮೇಲೆ ಇಡೀ ಮನುಷ್ಯನನ್ನು ಮಲಗಿಸದೆ ಬೇಕಾದ ನರವೊಂದನ್ನು ಮಾತ್ರ ಮಲಗಿಸಬಹುದು ಎಂಬುದು ಖಚಿತವಾಯಿತು. ಚಟ ಹಿಡಿಸುವ ಕೊಕೇನ್ ಹೋಗಿ ಪ್ರೊಕೇನ್ ಬಂತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಗ್ನೊಕೇನ್ ತಯಾರಿಸಿದರು. ಇಂದು ನಮ್ಮ ತಾಲ್ಲೂಕಿನ ಚಿಕ್ಕ ಕ್ಲಿನಿಕ್ಕಿನಲ್ಲೂ ಇರುವ ಚುಚ್ಚುಮದ್ದು ಅದೇ. ಅದರ ಜೊತೆಗೆ ಬೆರೆಸುವುದು ಯಾವುದನ್ನು ಗೊತ್ತೇ? ಅದೇ ಅಡ್ರಿನಲಿನ್ನು, ಲವಲೇಶ ಪ್ರಮಾಣದಲ್ಲಿ. ಅದು ರಕ್ತನಾಳ ಕುಗ್ಗಿಸಿ ರಕ್ತ ಸೋರುವುದನ್ನು ತಗ್ಗಿಸುತ್ತದೆ, ಮರಗಟ್ಟಿದ್ದು ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಸೂಜಿ ಹಾಕಿದ ಒಂದೆರಡು ನಿಮಿಷ ಎದೆ ಡವಡವ ಎನ್ನುವುದಕ್ಕೂ ಅದೇ ಕಾರಣ, ಗಾಬರಿ ಬೇಡ. ಹೃದಯದ ಕಾಯಿಲೆ, ರಕ್ತದೊತ್ತಡ ಇರುವವರು ಮಾತ್ರ ಮೊದಲೇ ಹೇಳಿರಬೇಕು.

ಹಾಗಾದರೆ ಕುರ್ಚಿಯಲ್ಲಿ ನಡೆಯುವುದೇನು? ಮೇಲಿನ ಬುದ್ಧಿಹಲ್ಲು ನೆಟ್ಟಗೆ ಬಂದಿದ್ದರೆ ಮರಗಟ್ಟಿಸಿದ ಮೇಲೆ ಕೆಲವೇ ನಿಮಿಷಗಳ ಕೆಲಸ. ತೊಡಕಿರುವುದು ಕೆಳದವಡೆಯಲ್ಲಿ, ಅದರಲ್ಲೂ ಮುಂದಿನ ಹಲ್ಲಿನ ಕಡೆಗೆ ವಾಲಿ ಎಲುಬಿನಲ್ಲಿ ಹೂತುಹೋಗಿರುವ ಹಲ್ಲಿನಲ್ಲಿ. ಬಾಯಿಯ ಹಿಂಭಾಗದಲ್ಲಿ, ದವಡೆಯ ಒಳಮಗ್ಗುಲಲ್ಲಿ ಸೂಜಿ ಇಳಿಯುತ್ತದೆ. ಐದಾರು ನಿಮಿಷಕ್ಕೆ ಆ ಕಡೆಯ ಕೆಳದುಟಿ ದಪ್ಪಗಾಗಿ ಜೋತುಬಿದ್ದಂತೆ ಅನ್ನಿಸುತ್ತದೆ. ಅನ್ನಿಸುವುದಷ್ಟೆ, ಕನ್ನಡಿಯಲ್ಲಿ ನೋಡಿದರೆ ಮೊದಲಿನಂತೆಯೇ ಇರುತ್ತದೆ. ತುಟಿ ಜುಮ್ಮೆನ್ನದಿದ್ದರೆ ವೈದ್ಯರು ಕತ್ತಿ ಮುಟ್ಟುವುದಿಲ್ಲ. ಇನ್ನೊಮ್ಮೆ ಮದ್ದು ಹಾಕಿ ಕಾಯುತ್ತಾರೆ. ಆಮೇಲೆ ಒಸಡನ್ನು ಕೊಯ್ದು ಬಿಡಿಸಿ, ಮೇಲೆ ಕೂತ ಎಲುಬನ್ನು ನೀರು ಹಾಯಿಸುತ್ತ ಕೊರೆದು, ಹಲ್ಲನ್ನು ಎರಡು ಮೂರು ತುಂಡು ಮಾಡಿ ಒಂದೊಂದಾಗಿ ಎಬ್ಬಿಸುತ್ತಾರೆ. ಹಲ್ಲು ತುಂಡಾಗುವಾಗ ಕಟಕ್ಕೆಂಬ ಸದ್ದು ಕಿವಿಯ ಒಳಗೇ ಆದಂತೆ ಕೇಳುತ್ತದೆ, ಏಕೆಂದರೆ ದವಡೆಯೆಲುಬು ಆ ಸದ್ದನ್ನು ನೇರವಾಗಿ ಒಯ್ಯುತ್ತದೆ. ಒತ್ತಡವೂ ತಿಳಿಯುತ್ತದೆ, ಜಗ್ಗಿದ್ದೂ ತಿಳಿಯುತ್ತದೆ. ಚುಚ್ಚುವ ನೋವು ತಿಳಿಯಬಾರದು. ಈ ವ್ಯತ್ಯಾಸವನ್ನು ಮೊದಲೇ ಅರಿತವರು ಒತ್ತಡಕ್ಕೆ ಬೆಚ್ಚಿಬೀಳುವುದಿಲ್ಲ. ನಿಜವಾಗಿ ನೋವಾದರೆ ಎಡಗೈ ಎತ್ತಿದರೆ ಸಾಕು, ಕೆಲಸ ನಿಲ್ಲುತ್ತದೆ. ಇನ್ನೊಂದು ಮಾತು. ಆಪರೇಶನ್ ಎಂದರೆ ಉಪವಾಸ ಎಂದು ತಿಳಿದು ಬೆಳಗಿನಿಂದ ಏನೂ ತಿನ್ನದೆ ಬರುವವರು ಬಹಳ. ಬರೀ ಜಾಗ ಮರಗಟ್ಟಿಸಿ ಮಾಡುವ ಕೆಲಸಕ್ಕೆ ಉಪವಾಸ ಬೇಕಿಲ್ಲ. ಖಾಲಿ ಹೊಟ್ಟೆಯಲ್ಲಿ ಕೂತವರೇ ತಲೆಸುತ್ತಿ ಬೀಳುವುದು. ಇಡ್ಲಿಯನ್ನೋ ಜೋಳದ ರೊಟ್ಟಿಯನ್ನೋ ತಿಂದು, ಹಲ್ಲುಜ್ಜಿ ಬನ್ನಿ.

ಇಷ್ಟೆಲ್ಲ ಕಂಡು ಕೇಳುವ ಕಷ್ಟ ಯಾಕೆ, ಪೂರ್ತಿ ನಿದ್ದೆ ಬರಿಸಿ ತೆಗೆದುಬಿಡಿ ಎಂಬುದು ಈಚಿನ ದಿನಗಳಲ್ಲಿ ಕೇಳಿಬರುವ ಆಕ್ಷೇಪ. ಅಮೆರಿಕದಲ್ಲಿರುವ ಮಕ್ಕಳು ನಾಲ್ಕೂ ಬುದ್ಧಿಹಲ್ಲುಗಳನ್ನು ಒಟ್ಟಿಗೆ ಮಲಗಿಸಿಯೇ ತೆಗೆಸಿಕೊಂಡರು ಎಂದು ಫೋನಿನಲ್ಲಿ ಕೇಳಿದ ತಂದೆತಾಯಿಗಳಿಗೆ ಇಲ್ಲಿನ ಪದ್ಧತಿ ಹಿಂದುಳಿದದ್ದಾಗಿ ಕಾಣುವುದುಂಟು. ಆಳವಾಗಿ ಹೂತ ಹಲ್ಲು, ಬಾಯಿ ತೆರೆಯಲಾಗದ ಸ್ಥಿತಿ, ಕುರ್ಚಿಯಲ್ಲಿ ಕೂರಲಾಗದಷ್ಟು ಭೀತಿ, ಒಂದೇ ಸಲ ನಾಲ್ಕು ಹಲ್ಲು, ಇಂಥ ಕಡೆ ಪೂರ್ಣ ಅರಿವಳಿಕೆ ನ್ಯಾಯವೇ. ಉಳಿದವರಿಗೆ ಅದು ಲಾಭಕ್ಕಿಂತ ಭಾರ. ಅದಕ್ಕೆ ಆಪರೇಶನ್ ಥಿಯೇಟರು ಬೇಕು, ಅರಿವಳಿಕೆ ತಜ್ಞರು ಬೇಕು, ಉಪವಾಸ ಬೇಕು, ಹಿಂದಿನ ದಿನದ ಪರೀಕ್ಷೆಗಳು ಬೇಕು. ಖರ್ಚೂ ಹಲವು ಪಟ್ಟು. ಇಷ್ಟು ಮಾಡಿದರೂ ಎಚ್ಚರವಾದ ಮೇಲಿನ ವಾರ ಎಳ್ಳಷ್ಟೂ ಹಗುರವಾಗುವುದಿಲ್ಲ, ಏಕೆಂದರೆ ಒಸಡಿನ ಕೊಯ್ತ ಅದೇ, ಎಲುಬಿನ ಗಾಯ ಅದೇ. ನಿದ್ದೆ ಬರಿಸುವುದರಿಂದ ತಪ್ಪುವುದು ಆ ಅರ್ಧ ಗಂಟೆ ಮಾತ್ರ.

ಈಗ ಆ ವಾರದ ಮಾತು. ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಗಾಯ ಮಾಯುವ ಕಥೆಯೆಲ್ಲ ಈ ಹೆಪ್ಪಿನ ಮೇಲೆ ನಿಂತಿದೆ. ಅದಕ್ಕಾಗಿಯೇ ಗಾಜ್ ಬಟ್ಟೆಯ ಉಂಡೆ ಕಚ್ಚಿಸಿ ಮುಕ್ಕಾಲು ಗಂಟೆ ಹಾಗೇ ಇರಿ ಎನ್ನುತ್ತಾರೆ. ಐದು ನಿಮಿಷಕ್ಕೊಮ್ಮೆ ಅದನ್ನು ತೆಗೆದು ರಕ್ತ ನಿಂತಿತೇ ಎಂದು ನೋಡುವವರ ರಕ್ತ ನಿಲ್ಲುವುದೇ ಇಲ್ಲ. ಮೊದಲ ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಹೀರಬಾರದು. ಉಗುಳು ಗುಲಾಬಿ ಬಣ್ಣಕ್ಕಿರುವುದು ಸಹಜ, ನುಂಗಿಬಿಡಿ; ಬಾಯಿ ತುಂಬ ಕೆಂಪು ರಕ್ತ ಬರುತ್ತಲೇ ಇದ್ದರೆ ಮಾತ್ರ ಮತ್ತೊಂದು ಉಂಡೆ ಗಟ್ಟಿಯಾಗಿ ಕಚ್ಚಿ, ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ತುಟಿಯ ಜೋಮು ಇಳಿಯಲು ಮೂರು ನಾಲ್ಕು ಗಂಟೆ ಬೇಕು. ಅದು ಇಳಿಯುವ ಮೊದಲೇ ನೋವಿನ ಮಾತ್ರೆ ನುಂಗಿರಬೇಕು, ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಮೊದಲ ದಿನ ಕೆನ್ನೆಗೆ ಹೊರಗಿನಿಂದ ಐಸು; ಬಿಸಿ ಚಹಾ, ಬಿಸಿ ಸಾರು ಬೇಡ, ಮೊಸರನ್ನ, ತಣ್ಣಗಾದ ಗಂಜಿ ಸಾಕು. ಮರುದಿನದಿಂದ ಉಗುರು ಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಹಿಡಿದು, ಗೊಳಗೊಳ ಮಾಡದೆ, ಸುಮ್ಮನೆ ಸುರಿಯಲು ಬಿಡಬೇಕು. ಮುಖ ಊದುವುದು ಅಂದೇ ಅಲ್ಲ. ಎರಡನೆಯ, ಮೂರನೆಯ ದಿನ ಊತ ತುತ್ತತುದಿಗೆ ಏರುತ್ತದೆ, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತೆ ಬಿಗಿಯುತ್ತದೆ, ಕೆನ್ನೆ ನೀಲಿಗಟ್ಟಬಹುದು. ಇದನ್ನು ಮೊದಲೇ ತಿಳಿಯದವರು, ನಿನ್ನೆ ಚೆನ್ನಾಗಿದ್ದವನಿಗೆ ಇಂದು ಕೀವಾಯಿತು ಎಂದು ಅಂಗಡಿಯಿಂದ ಹೊಸ ಮಾತ್ರೆ ತರುತ್ತಾರೆ. ಹೀಗೆ ಏರಿದ ಊತ ವಾರದೊಳಗೆ ತಾನಾಗಿಯೇ ಇಳಿಯುತ್ತದೆ.

ತಾನಾಗಿ ಬೇಗ ಇಳಿಯದ ಒಂದು ನೋವಿದೆ, ಅದನ್ನು ಬೇರೆಯಾಗಿ ಗುರುತಿಸಬೇಕು. ಮೂರನೆಯ ದಿನ ತಗ್ಗುತ್ತಿದ್ದ ನೋವು ತಿರುಗಿ ಏರತೊಡಗಿ, ಕಿವಿಯವರೆಗೆ ಸೆಳೆದು, ಬಾಯಿ ನಾರತೊಡಗಿದರೆ, ಮಾತ್ರೆಗೂ ಬಗ್ಗದಿದ್ದರೆ, ಅದು ಡ್ರೈ ಸಾಕೆಟ್. ಹೆಪ್ಪು ಕಳಚಿಹೋಗಿ ಎಲುಬು ಬಯಲಾಗಿರುತ್ತದೆ. ಸಾಮಾನ್ಯ ಹಲ್ಲು ಕಿತ್ತಾಗ ಇದು ನೂರರಲ್ಲಿ ಒಂದರಿಂದ ಐದು ಸಲ ಕಂಡರೆ, ಕೆಳಗಿನ ಬುದ್ಧಿಹಲ್ಲಿನ ವಿಷಯದಲ್ಲಿ 30ರವರೆಗೂ ಏರಿದ ವರದಿಗಳಿವೆ. ಪರಿಹಾರ ಸರಳ: ಕುಳಿ ತೊಳೆದು ಲವಂಗದ ಎಣ್ಣೆಯ ಸತ್ವವಿರುವ ಮದ್ದು ತುಂಬಿದರೆ ನೋವು ಬೇಗನೆ ತಗ್ಗುತ್ತದೆ. ಅದನ್ನು ತುಂಬುವುದು ದಂತವೈದ್ಯರ ಕೆಲಸ, ಮನೆಯಲ್ಲಿ ಲವಂಗ ಜಜ್ಜಿ ತುರುಕುವುದು ಸಲ್ಲದು. ಇದಕ್ಕೆ ಬಾಗಿಲು ತೆರೆಯುವುದರಲ್ಲಿ ಬೀಡಿ, ಸಿಗರೇಟಿನ ಪಾತ್ರ ದೊಡ್ಡದು. ಗುಟ್ಖಾ, ಜರ್ದಾ ಪಾನ್ ಹಾಕುವವರು ಉಗುಳದೆ ಇರಲಾರರು; ಆ ಉಗುಳು ಹೆಪ್ಪನ್ನೂ ಎಳೆದುಕೊಂಡು ಹೋಗಬಲ್ಲದು. ಒಂದು ವಾರ ಬಿಡಿ ಎಂದರೆ ಅರ್ಧ ದಿನಕ್ಕೆ ಸೋಲುವವರಿದ್ದಾರೆ. ಅಂಥವರು ತೆಗೆಸುವ ದಿನವನ್ನೇ ಮುಂದೂಡಿ, ಮೊದಲು ಬಿಡುವ ಅಭ್ಯಾಸ ಮಾಡಿಕೊಂಡು ಬರುವುದು ಮೇಲು. ಗುಟ್ಖಾ ತಿನ್ನುವವರಿಗೆ ಇನ್ನೊಂದು ಎಚ್ಚರಿಕೆ: ಬಾಯಿ ಪೂರ್ತಿ ತೆರೆಯದಿರುವುದು, ಖಾರ ತಾಗಿದರೆ ಉರಿಯುವುದು ಬುದ್ಧಿಹಲ್ಲಿನ ಕಾಟವೇ ಆಗಿರಬೇಕಿಲ್ಲ, ಕೆನ್ನೆಯ ಒಳಪದರ ಗಡುಸಾಗುವ ರೋಗ ಅದಾಗಿದ್ದರೆ, ಅದು ಕ್ಯಾನ್ಸರಿಗೆ ತಿರುಗಬಲ್ಲದು. ಹಲ್ಲಿನ ನೆಪದಲ್ಲಿ ಬಾಯಿ ಪೂರ್ತಿ ತಪಾಸಣೆ ಮಾಡಿಸಿಕೊಳ್ಳಿ.

ಮಾತ್ರೆಗಳ ಬಗ್ಗೆ ನಮ್ಮಲ್ಲಿ ಒಂದು ವಿಚಿತ್ರ ತಲೆಕೆಳಗು ಲೆಕ್ಕವಿದೆ: ನೋವಿನ ಮಾತ್ರೆ ಕೆಟ್ಟದ್ದು, ಆ್ಯಂಟಿಬಯಾಟಿಕ್ ಒಳ್ಳೆಯದು. ಹೊಸ ನೋವಿನ ಮದ್ದು ಬಂದಾಗ ಜಗತ್ತಿನ ಸಂಶೋಧಕರು ಅದನ್ನು ಬಹಳ ಸಲ ಬುದ್ಧಿಹಲ್ಲು ತೆಗೆಸಿಕೊಂಡವರ ಮೇಲೆ ಪರೀಕ್ಷಿಸುತ್ತಾರೆ, ಹೀಗಾಗಿ ಇಷ್ಟು ಚೆನ್ನಾಗಿ ಅಳೆದ ನೋವುಗಳು ಕಡಿಮೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ ಐಬುಪ್ರೊಫೇನ್ ಈ ನೋವಿಗೆ ಪ್ಯಾರಸಿಟಮಾಲ್‌ಗಿಂತ ಮೇಲು, ಎರಡೂ ಕೂಡಿದರೆ ಇನ್ನೂ ಮೇಲು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಅಸ್ತಮಾ ಇರುವವರು, ಗರ್ಭಿಣಿಯರು ಐಬುಪ್ರೊಫೇನನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಉಳಿದವರು ಹೇಳಿದ ಪ್ರಮಾಣದಲ್ಲಿ ಎರಡು ಮೂರು ದಿನ ತೆಗೆದುಕೊಳ್ಳಲು ಅಂಜಬೇಕಿಲ್ಲ. ಆ್ಯಂಟಿಬಯಾಟಿಕ್ಕಿನ ಲೆಕ್ಕ ಬೇರೆ. ಅದೇ ಸಂಸ್ಥೆಯ 2021ರ ಪರಿಶೀಲನೆಯ ಪ್ರಕಾರ ಸುಮಾರು 19 ಮಂದಿ ಆರೋಗ್ಯವಂತರಿಗೆ ಅದನ್ನು ಕೊಟ್ಟರೆ ಒಬ್ಬರಿಗೆ ಸೋಂಕು ತಪ್ಪುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಮೊದಲೇ ಸೋಂಕಿದ್ದವರಿಗೆ ಅದು ಬೇಕಾಗಬಹುದು. ಎಲ್ಲರಿಗೂ ಬರೆದುಕೊಡಿ ಎಂದು ನಾವೇ ಒತ್ತಾಯಿಸುವುದು ಸರಿಯಲ್ಲ. ಹಾಗೆಯೇ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಿ ಬರಕೂಡದು.

ಇಷ್ಟೊಂದು ತಾಪತ್ರಯವಿದ್ದರೆ ತೆಗೆಸುವುದಾದರೂ ಏಕೆ ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ನನ್ನ ವಾದಕ್ಕೆ ಬಲ ಕೊಡುವ ಪ್ರಶ್ನೆಯೂ ಹೌದು. ಕುರ್ಚಿಯ ಅರ್ಧ ಗಂಟೆಯನ್ನಷ್ಟೇ ಲೆಕ್ಕಕ್ಕಿಟ್ಟರೆ ಎಲ್ಲ ಬುದ್ಧಿಹಲ್ಲನ್ನೂ ತೆಗೆದುಹಾಕಬಹುದು ಅನ್ನಿಸುತ್ತದೆ. ವಾರವನ್ನೂ ಲೆಕ್ಕಕ್ಕಿಟ್ಟಾಗ ಕಾರಣ ಬೇಕಾಗುತ್ತದೆ. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲಿ ಇದನ್ನೇ ಹೇಳಿತು: ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಯ ಹೆಸರಿನಲ್ಲಿ ತೆಗೆಯಬೇಡಿ. ಅದನ್ನು ಅಕ್ಷರಶಃ ಪಾಲಿಸಿದ ಕಡೆ, ವಾಲಿದ ಬುದ್ಧಿಹಲ್ಲು ಮುಂದಿನ ಒಳ್ಳೆಯ ದವಡೆ ಹಲ್ಲನ್ನೂ ಹುಳುಕಾಗಿಸಿತು ಎಂಬ ಟೀಕೆ ಆಮೇಲೆ ಬಂತು. ನನಗೆ ಸರಿ ಕಾಣುವುದು ನಡುವಿನ ದಾರಿ. ಒಸಡಿನ ಮಡಿಕೆಯಡಿ ಅನ್ನದಗುಳು ಸಿಕ್ಕಿ ಪದೇ ಪದೇ ಊದಿಕೊಳ್ಳುತ್ತಿದ್ದರೆ, ಹಲ್ಲಾಗಲಿ ಪಕ್ಕದ ಹಲ್ಲಾಗಲಿ ಹುಳುಕಾಗಿದ್ದರೆ, ಎಕ್ಸ್‌ರೇಯಲ್ಲಿ ಬೇರಿನ ಸುತ್ತ ಗಂಟು ಕಂಡರೆ ತೆಗೆಸಿಬಿಡುವುದು ಒಳ್ಳೆಯದು, ಅದೂ ಮೂವತ್ತು ದಾಟುವ ಮುಂಚೆ. ವಯಸ್ಸಾದಂತೆ ಎಲುಬು ಗಡುಸಾಗಿ ಗಾಯ ಮಾಯುವುದು ನಿಧಾನವಾಗುತ್ತದೆ. ನೆಟ್ಟಗೆ ಬಂದು, ಬ್ರಶ್ ತಲುಪುವಂತಿದ್ದು, ತಂಟೆ ಮಾಡದ ಹಲ್ಲನ್ನು ವರ್ಷಕ್ಕೊಮ್ಮೆ ನೋಡಿಸಿಕೊಂಡರೆ ಸಾಕು. ತೂಕದ ತಟ್ಟೆಯಲ್ಲಿ ಇಡಬೇಕಾದ ಇನ್ನೊಂದು ಸಂಗತಿ ನರ. ಕೆಳದುಟಿಗೆ, ಗಲ್ಲಕ್ಕೆ ಸ್ಪರ್ಶ ಕೊಡುವ ನರ ಕೆಲವರಲ್ಲಿ ಈ ಹಲ್ಲಿನ ಬೇರಿಗೆ ತಾಗಿಕೊಂಡೇ ಹೋಗುತ್ತದೆ. ತೆಗೆದ ಮೇಲೆ ನೂರರಲ್ಲಿ ಕೆಲವರಿಗೆ ತುಟಿಯೋ ನಾಲಗೆಯ ಒಂದು ಬದಿಯೋ ವಾರಗಳ ಕಾಲ ಜೋಮು ಹಿಡಿದಿರಬಹುದು; ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ತುಟಿ ಸೊಟ್ಟಗಾಗುವುದಿಲ್ಲ, ಏಕೆಂದರೆ ಈ ನರ ಅಲುಗಾಟದ್ದಲ್ಲ, ಸ್ಪರ್ಶದ್ದು. ಇನ್ನು, ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬ ಅಜ್ಜಿಯರ ಹೆದರಿಕೆ. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಕನ್ನಡಕ ಬರುವ ವಯಸ್ಸಿನಲ್ಲೇ ಹಲ್ಲೂ ಕೆಡುವುದರಿಂದ ಜನ ಎರಡನ್ನೂ ಗಂಟು ಹಾಕಿರಬೇಕು, ಅಷ್ಟೆ.

ಪಕ್ಕದ ಮನೆಯವರು ಹಲ್ಲು ತೆಗೆಸಿಕೊಂಡ ಸಂಜೆಯೇ ಬಿರಿಯಾನಿ ತಿಂದರು, ಇದೆಲ್ಲ ಅತಿಯಾಯಿತು ಎನ್ನುವವರೂ ಇದ್ದಾರೆ. ತಿಂದಿರಬಹುದು. ಅವರದು ಮೇಲಿನ ನೆಟ್ಟಗಿನ ಹಲ್ಲೋ ಕೆಳಗೆ ಹೂತ ಹಲ್ಲೋ ಎಂದು ಕೇಳಿ ನೋಡಿ. ಒಂದೇ ಹೆಸರಿನ ನಾಲ್ಕು ಹಲ್ಲುಗಳಿಗೆ ನಾಲ್ಕು ಬಗೆಯ ವಾರಗಳಿರುತ್ತವೆ. ನಿಮ್ಮದು ಯಾವ ಬಗೆ ಎಂಬುದನ್ನು ದವಡೆಯ ಪೂರ್ತಿ ಎಕ್ಸ್‌ರೇ, ಅಂದರೆ ಓಪಿಜಿ, ನೋಡಿದ ವೈದ್ಯರೇ ಮೊದಲು ಹೇಳಬಲ್ಲರು, ನೀವು ಕೇಳಬೇಕು.

ಬಸ್ಸಿನಲ್ಲಿ ಹೋಗಿಬರುವವರಿಗೆ ಕೊನೆಯದಾಗಿ ಕೆಲವು ವ್ಯವಹಾರದ ಮಾತು. ಸುಲ್ತಾನ್ ಬಜಾರಿನಿಂದ ಮೂಸಿ ನದಿಯ ಕಡೆ ಹೋದರೆ ಅಫ್ಜಲ್‌ಗಂಜ್. ಸರ್ಕಾರಿ ದಂತ ಕಾಲೇಜು, ಉಸ್ಮಾನಿಯಾ ಆಸ್ಪತ್ರೆ ಎರಡೂ ಅಲ್ಲಿವೆ, ಮಹಾತ್ಮ ಗಾಂಧಿ ಬಸ್ ನಿಲ್ದಾಣವೂ ಅಲ್ಲಿಗೆ ಹತ್ತಿರ. ಈ ಅನುಕೂಲವೇ ಹಲವರನ್ನು ಮೋಸಗೊಳಿಸುತ್ತದೆ: ಬೆಳಿಗ್ಗೆ ಇಳಿದು, ಹಲ್ಲು ತೆಗೆಸಿ, ಜೋಮು ಇಳಿಯುವುದರೊಳಗೆ ಬಸ್ಸು ಹತ್ತುತ್ತಾರೆ. ಬೀದರ್ ಅಲ್ಲಿಂದ ಸುಮಾರು 140 ಕಿಲೋಮೀಟರ್, ಕಲಬುರಗಿ ಅದಕ್ಕಿಂತ ದೂರ. ರಕ್ತ ಸೋರುವುದಿದ್ದರೆ ಹೆಚ್ಚಾಗಿ ಮೊದಲ ರಾತ್ರಿ ಸೋರುತ್ತದೆ. ಆದ್ದರಿಂದ ನೆಂಟರ ಮನೆಯಿದ್ದರೆ ಒಂದು ರಾತ್ರಿ ಉಳಿಯಿರಿ. ಆಸ್ಪತ್ರೆ ಬಿಡುವಾಗ ಎಕ್ಸ್‌ರೇ ಪ್ರತಿ, ಏನು ಮಾಡಿದರೆಂದು ಬರೆದ ಚೀಟಿ, ತೊಂದರೆಯಾದರೆ ಕರೆ ಮಾಡಲು ಒಂದು ಫೋನ್ ನಂಬರು ಕೇಳಿ ಪಡೆಯಿರಿ. ಡ್ರೈ ಸಾಕೆಟ್ಟಿಗೆ ಮದ್ದು ತುಂಬಿಸಲು ಮತ್ತೆ ಹೈದರಾಬಾದಿಗೆ ಓಡಬೇಕಿಲ್ಲ, ನಿಮ್ಮ ಊರಿನ ದಂತವೈದ್ಯರು ಸಾಕು. ಆದರೆ ಜ್ವರ ಬಂದು, ಗಂಟಲ ಕೆಳಗೆ ಅಥವಾ ನಾಲಗೆಯ ಅಡಿ ಊದಿ, ನುಂಗಲು, ಉಸಿರಾಡಲು ತ್ರಾಸವಾದರೆ ಯಾವ ಕ್ಲಿನಿಕ್ಕನ್ನೂ ಹುಡುಕುತ್ತ ಕೂರದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಅದೇ ಗಳಿಗೆಯಲ್ಲಿ ಹೋಗಬೇಕು. ಹೊಲಿಗೆ ಯಾವ ದಾರದ್ದು ಎಂದೂ ಕೇಳಿಕೊಂಡಿರಿ. ಕರಗುವ ದಾರವಾದರೆ ತಾನೇ ಬಿದ್ದುಹೋಗುತ್ತದೆ. ಕಪ್ಪು ರೇಷ್ಮೆ ದಾರವಾದರೆ ಏಳನೆಯ ದಿನ ತೆಗೆಸಬೇಕು. ಹುಮನಾಬಾದಿನಲ್ಲೋ ಸೇಡಂನಲ್ಲೋ ಆ ಚೀಟಿ ತೋರಿಸಿದರೆ ಐದು ನಿಮಿಷದ ಕೆಲಸ.